ಗಾಳಕ್ಕೆ ಗಾಳಿಯ ಆಸರೆ

ಭಾನುವಾರ ಬಂತೆಂದರೆ ಬೆಳಗಾವಿಯ ಖಾಸಬಾಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಸಂತೆ. ರಸ್ತೆಯ ಎರಡೂ ಬದಿಗೆ ಕಾಯಿಪಲ್ಲೆಯ ರಾಶಿ, ಕೂಗಾಟ, ಚೌಕಾಶಿ. ಒಳಗಿನ ಓಣಿಗಳಿಗೆ ತಿರುಗಿದರೆ ಮಗ್ಗಗಳ ಖಟಖಟ ಸದ್ದು. ಖಾಸ ಬಾಗ ಎಂದರೆ ಖಾಸಗಿ ತೋಟ. ನೆರೆಯ ಶಹಾಪುರ ಸ್ವಾತಂತ್ರ್ಯಕ್ಕೆ ಮುಂಚೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಊರು. ಈಗ ತೋಟವಿಲ್ಲ, ಸಂಸ್ಥಾನವೂ ಇಲ್ಲ. ಹೆಸರು ಮಾತ್ರ ಉಳಿದಿದೆ, ಸೀರೆ ನೇಯುವ ಮನೆಗಳು ಉಳಿದಿವೆ.

ನೀರಿನೊಡನೆ ಈ ಭಾಗದ ನಂಟು ಅಷ್ಟಕ್ಕಷ್ಟೆ. ಮಳೆಗಾಲದಲ್ಲಿ ಬಳ್ಳಾರಿ ನಾಲಾ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರು ಕಡೆಯ ಹೊಲಗಳನ್ನು ಮುಳುಗಿಸುತ್ತದೆ. ಆದರೂ ಇಲ್ಲಿನ ಹುಡುಗರಿಗೆ ಮೀನಿನ ಹುಚ್ಚು ಕಡಿಮೆಯಿಲ್ಲ. ಸಂತೆಯ ಗದ್ದಲ ದಾಟಿ ಹಳೆ ಪಿ.ಬಿ. ರಸ್ತೆಯ ಕಡೆಗೆ ಹೊರಟರೆ ಪಂಕ್ಚರ್ ಅಂಗಡಿಗಳು ಸಿಗುತ್ತವೆ. ಅಂಥ ಒಂದು ಅಂಗಡಿಯ ಮುಂದೆ ನೇತುಹಾಕಿದ ಲಾರಿ ಟ್ಯೂಬನ್ನು ಹತ್ತನೆಯ ತರಗತಿಯ ಹುಡುಗನೊಬ್ಬ ಒಂದೇ ಸಮನೆ ನೋಡುತ್ತ ನಿಂತಿದ್ದಾನೆ. ಪಕ್ಕದಲ್ಲಿ ಕಾಯಿಪಲ್ಲೆಯ ಚೀಲ ಹಿಡಿದ ಅಪ್ಪ.

"ಟೂಬ್ ತಗೊಂಡ್ ಏನ್ ಮಾಡ್ತಿ ತಮ್ಮಾ?"

"ಖಾನಾಪುರದ ಕಡೆ ಕೆರಿಗೆ ಹೋಗಿ ಗಾಳ ಹಾಕ್ತೇನ್ರಿ ಕಾಕಾ."

"ಈಸು ಬರ್ತೈತೇನು?"

"ಬಾವ್ಯಾಗ ಬರ್ತೈತ್ರಿ."

"ನಿಮ್ಮಪ್ಪಾರಿಗೆ?"

ಹುಡುಗ ಉತ್ತರ ಕೊಡುವುದಿಲ್ಲ. ಅಪ್ಪ ಸಂತೆಯ ಕಡೆ ಮುಖ ತಿರುಗಿಸುತ್ತಾನೆ. ಹುಟ್ಟಿದಂದಿನಿಂದ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟವನಿಗೆ ಕೆರೆಯಲ್ಲಿ ಕಾಲು ಬಿಡುವುದು ಹೊಸದು. ಮಗ ಕೇಳುತ್ತಿರುವುದು ಆಟದ ಸಾಮಾನಲ್ಲ, ಆಳವಾದ ನೀರಿಗೆ ಇಳಿಯಲು ಅಪ್ಪಣೆ. ಬೇಡವೆಂದರೆ ಹುಡುಗ ಗೆಳೆಯರೊಂದಿಗೆ ಕದ್ದು ಹೋಗುತ್ತಾನೆ. ಆಗಲಿ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಹೆತ್ತವರ ಈ ಇಕ್ಕಟ್ಟು ಖಾಸಬಾಗದ್ದಷ್ಟೇ ಅಲ್ಲ.

ಗಾಳಿಯನ್ನು ನೆಚ್ಚಿ ನೀರಿಗಿಳಿಯುವುದು ಮನುಷ್ಯನಿಗೆ ಹೊಸ ವಿದ್ಯೆಯೇನಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಸ್ಸೀರಿಯದ ಅರಮನೆಯಿಂದ ತಂದ ಕಲ್ಲಿನ ಫಲಕವೊಂದಿದೆ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ್ದು. ಊದಿದ ಚರ್ಮದ ಚೀಲವನ್ನು ಎದೆಗವಚಿಕೊಂಡು ನದಿ ದಾಟುವವರ ಚಿತ್ರ ಅದರಲ್ಲಿದೆ. ನಮ್ಮಲ್ಲಿ ಚರ್ಮ ಹೊದಿಸಿದ ಬುಟ್ಟಿಯೇ ದೋಣಿಯಾಯಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಆ ದುಂಡನೆಯ ಹರಿಗೋಲನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬಾವಿಯಲ್ಲಿ ಈಸು ಕಲಿಯುವ ಮಕ್ಕಳ ಬೆನ್ನಿಗೆ ಬೆಂಡು, ಒಣ ಸೋರೆಬುರುಡೆ, ಖಾಲಿ ಡಬ್ಬಿ ಕಟ್ಟುತ್ತಿದ್ದುದು ಅಜ್ಜಂದಿರಿಗೆಲ್ಲ ನೆನಪಿದೆ. ಮೋಟಾರು ಗಾಡಿಗಳು ಬಂದ ಮೇಲೆ ಆ ಜಾಗಕ್ಕೆ ಟ್ಯೂಬು ಬಂತು. ಇಂದಿಗೂ ನಮ್ಮ ಅನೇಕ ಜಲಾಶಯಗಳಲ್ಲಿ ಲಾರಿ ಟ್ಯೂಬಿನ ಮೇಲೆ ಕುಳಿತು, ಕೈಯನ್ನೇ ಹುಟ್ಟಾಗಿಸಿಕೊಂಡು ಬಲೆ ಬಿಡುವ ಮೀನುಗಾರರಿದ್ದಾರೆ. ಅಮೆರಿಕದ ಗಾಳಗಾರರು ಇದೇ ಲಾರಿ ಟ್ಯೂಬಿಗೆ ಕ್ಯಾನ್ವಾಸ್ ಬಟ್ಟೆಯ ಪೀಠ ಹೊಲಿದು 'ಫ್ಲೋಟ್ ಟ್ಯೂಬ್' ಎಂದು ಕರೆದರು. ಸೊಂಟದವರೆಗೆ ನೀರಿನಲ್ಲಿ ಕುಳಿತು, ಕಾಲಿಗೆ ಬಾತಿನ ಪಾದದಂಥ ರಬ್ಬರ್ ರೆಕ್ಕೆ ತೊಟ್ಟು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಗಾಳ ಹಾಕುವ ಕ್ರಮ ಅದು. ಕೈ ಎರಡೂ ಗಾಳಕ್ಕೇ ಮೀಸಲು.

ಅಂಗಡಿಗೆ ಹೋದವರು ಮೊದಲು ಕೇಳುವುದು, "ಇದು ನನ್ನ ಭಾರ ತಡೆಯುತ್ತದೆಯೇ?" ಎಂದು. ಇದಕ್ಕೆ ಅಂಗಡಿಯವನನ್ನು ಕೇಳಬೇಕಿಲ್ಲ, ಅಳತೆಪಟ್ಟಿಯೊಂದಿದ್ದರೆ ಸಾಕು. ವಸ್ತುವೊಂದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆತ್ತುತ್ತದೆ. ಆರ್ಕಿಮಿಡೀಸನ ಈ ತತ್ತ್ವವನ್ನು ಪರೀಕ್ಷೆಗೆಂದು ಉರುಹೊಡೆದವರಿಗೆ ಇಲ್ಲೊಂದು ನಿಜವಾದ ಲೆಕ್ಕ. ಒಂದು ಲೀಟರು ನೀರು ಒಂದು ಕಿಲೋ. ಊದಿದ ಲಾರಿ ಟ್ಯೂಬಿನ ದಪ್ಪ 25 ಸೆಂಟಿಮೀಟರು, ಬಳೆಯ ನಡುಗೆರೆಯ ವ್ಯಾಸ 76 ಸೆಂಟಿಮೀಟರು ಎಂದುಕೊಳ್ಳಿ. ಬಳೆಯನ್ನು ಕತ್ತರಿಸಿ ನೇರ ಮಾಡಿದರೆ ಅದೊಂದು ಉದ್ದನೆಯ ಕೊಳವೆ. ಅಡ್ಡಕೊಯ್ತದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿದರೆ ಸುಮಾರು 117 ಲೀಟರು. ಕಾರಿನ ಟ್ಯೂಬಿಗೆ ದಪ್ಪ 15, ವ್ಯಾಸ 48 ಎಂದರೆ ಬರುವುದು 27 ಲೀಟರಿನ ಆಸುಪಾಸು. ಸ್ಕೂಟರಿನದು ಏಳು ಲೀಟರೂ ಕಷ್ಟ. ಕಣ್ಣಿಗೆ ಕಾರಿನ ಟ್ಯೂಬು ಲಾರಿಯದರ ಅರ್ಧದಷ್ಟು ಕಾಣುತ್ತದೆ. ಎತ್ತುವ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ಕಡಿಮೆ!

ಇನ್ನು ಮನುಷ್ಯನ ತೂಕ. 60 ಕಿಲೋದವನು ಸೊಂಟದವರೆಗೆ ಮುಳುಗಿ ಕುಳಿತರೆ, ನೀರಿನೊಳಗಿರುವ ಅರ್ಧ ದೇಹ ಹೆಚ್ಚುಕಡಿಮೆ ತಾನೇ ತೇಲುತ್ತದೆ. ಟ್ಯೂಬಿನ ಮೇಲೆ ಬೀಳುವ ಹೊರೆ 30 ಕಿಲೋ ಮಾತ್ರ. ಕಾರಿನ ಟ್ಯೂಬು ಪೂರ್ತಿ ಮುಳುಗಿದರೂ ಅಷ್ಟನ್ನು ಎತ್ತಲಾರದು. ಲಾರಿಯದು, ತನ್ನದೇ ನಾಲ್ಕಾರು ಕಿಲೋ ತೂಕವನ್ನೂ ಸೇರಿಸಿಕೊಂಡು, ಮೂರನೆಯ ಒಂದು ಭಾಗ ಮುಳುಗುವುದರೊಳಗೇ ಹೊರೆ ಹೊತ್ತಿರುತ್ತದೆ. ಈಗ ಕಾರುಗಳಿಗೆಲ್ಲ ಟ್ಯೂಬಿಲ್ಲದ ಟೈರುಗಳು ಬಂದು ಕಾರಿನ ಟ್ಯೂಬೇ ಅಪರೂಪವಾಗಿದೆ. ಈ ಮಟ್ಟಿಗೆ ಒಳ್ಳೆಯದೇ ಆಯಿತೆನ್ನಬೇಕು. ಬಣ್ಣದ ಚಿತ್ರ ಬರೆದ ತೆಳು ಪ್ಲಾಸ್ಟಿಕ್ಕಿನ ಈಜುಬಳೆಯಂತೂ ಈಜುಕೊಳಕ್ಕಷ್ಟೆ ಸರಿ.

ಅಂದರೆ ತೇಲಿಸುವ ಶಕ್ತಿ ಲಾರಿ ಟ್ಯೂಬಿನಲ್ಲಿ ಬೇಕಾದಷ್ಟಿದೆ. ತೊಂದರೆ ಇರುವುದು ಬೇರೆ ಕಡೆ. ಮೊದಲ ಟ್ಯೂಬನ್ನು ಆರಿಸುವವರು ಹೇಗೆ ಕೂರುವುದು ಎಂದು ಹತ್ತು ಸಲ ಯೋಚಿಸುತ್ತಾರೆ, ಹೇಗೆ ಹೊರಬರುವುದು ಎಂದು ಒಂದು ಸಲವೂ ಯೋಚಿಸುವುದಿಲ್ಲ.

ದುಂಡನೆಯ ಟ್ಯೂಬಿನ ನಡುವೆ ಹಳೆಯ ಮಂಚದ ನವಾರ ಪಟ್ಟಿಯನ್ನು ಅಡ್ಡಡ್ಡ ಬಿಗಿದು, ಎರಡು ಕಾಲುಗಳಿಗೆ ಎರಡು ಕಿಂಡಿ ಬಿಟ್ಟರೆ ಪೀಠ ಸಿದ್ಧ. ಪೀಠ ಕೆಳಗಿದ್ದಷ್ಟೂ ಭಾರದ ಕೇಂದ್ರ ಕೆಳಗಿಳಿದು ಟ್ಯೂಬು ಸ್ಥಿರವಾಗಿರುತ್ತದೆ. ಮೇಲೆ ಹತ್ತಿ ಕುಳಿತರೆ ಸಣ್ಣ ಅಲೆಗೂ ಹೊರಳುತ್ತದೆ. ಇದು ಸರಿಯೇ. ಆದರೆ ಹೇಗೋ ಒಮ್ಮೆ ಮಗುಚಿತು ಎನ್ನಿ. ಕಿಂಡಿಯೊಳಗೆ ಸಿಕ್ಕಿದ ಕಾಲು ಮೇಲೆ, ತಲೆ ಕೆಳಗೆ. ಆಗ ಆ 117 ಲೀಟರು ಗಾಳಿ ನಿಷ್ಠೆಯಿಂದ ತೇಲಿಸುವುದು ಕಾಲನ್ನು! ಒಳ್ಳೆಯ ಈಜುಗಾರನಿಗೂ ಅಲ್ಲಿ ಈಜು ನೆರವಾಗದು. ಬಾವಿಯಲ್ಲಿ ಕಲಿತ ಈಸು ಅಂತೂ ಗೋಡೆ ಹಿಡಿಯಲು ಸಿಗುತ್ತದೆ ಎಂಬ ಧೈರ್ಯದ ಈಸು.

ಆದ್ದರಿಂದಲೇ ತಿಳಿದವರು ಮೊದಲ ಸಲಕ್ಕೆ ಇಂಗ್ಲಿಷಿನ 'ಯು' ಅಕ್ಷರದ ಆಕಾರದ್ದನ್ನು ಕೊಳ್ಳಿ ಎನ್ನುತ್ತಾರೆ. ಮುಂಭಾಗ ತೆರೆದಿರುತ್ತದೆ, ಕುರ್ಚಿಯಿಂದ ಎದ್ದಂತೆ ಮುಂದಕ್ಕೆ ಜಾರಿದರೆ ಹೊರಗೆ. ದುಂಡನೆಯದನ್ನು ಲುಂಗಿಯಂತೆ ತಲೆಯಿಂದಲೋ ಕಾಲಿನಿಂದಲೋ ತೊಡಬೇಕು, ಹಾಗೆಯೇ ಕಳಚಬೇಕು. ಸಿದ್ಧ ಫ್ಲೋಟ್ ಟ್ಯೂಬಿನಲ್ಲಿ ನೋಡಬೇಕಾದ್ದು ಇನ್ನೊಂದು: ಗಾಳಿಯ ಕೋಣೆಗಳು ಎಷ್ಟು? ಲಾರಿ ಟ್ಯೂಬಿಗೆ ಕೋಣೆ ಒಂದೇ. ತನ್ನದೇ ಗಾಳದ ಮುಳ್ಳು ಚುಚ್ಚಿದರೂ ಇಡೀ ಆಸರೆ ಬುಸ್ಸೆಂದು ಹೋಗುತ್ತದೆ. ಬೆನ್ನಿನ ಭಾಗಕ್ಕೆ ಬೇರೆ, ಬದಿಗಳಿಗೆ ಬೇರೆ ಕೋಣೆಗಳಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಅಷ್ಟು ಹಣ ಹಾಕಲಾಗದವರು ಮುಚ್ಚಳ ಭದ್ರವಾಗಿರುವ ಐದು ಲೀಟರಿನ ಎಣ್ಣೆ ಡಬ್ಬಿ ನಾಲ್ಕನ್ನು ಲಾರಿ ಟ್ಯೂಬಿನ ಸುತ್ತ ಕಟ್ಟಬಹುದು. ಟ್ಯೂಬು ಪಂಕ್ಚರಾದರೂ 20 ಕಿಲೋದಷ್ಟು ಎತ್ತುವ ಬಲ ಕೈಯಲ್ಲಿರುತ್ತದೆ.

ಏನೇ ಕೊಂಡರೂ ಜೀವರಕ್ಷಕ ಜಾಕೆಟ್ಟು ಬೇರೆಯಾಗಿ ಬೇಕು. ಟ್ಯೂಬು ಅದಕ್ಕೆ ಬದಲಿಯಲ್ಲ. ಜಾಕೆಟ್ಟಿನ ಮೇಲೆ 50 ನ್ಯೂಟನ್ ಅಥವಾ 100 ನ್ಯೂಟನ್ ಎಂದು ಅಚ್ಚಾಗಿರುತ್ತದೆ. 50 ಎಂದರೆ ಸುಮಾರು ಐದು ಕಿಲೋ ಎತ್ತುವ ಬಲ. ಇಷ್ಟೇ ಇಷ್ಟು ಸಾಕೇ ಎಂದು ಅಪ್ಪಂದಿರಿಗೆ ಅನುಮಾನ ಬರುವುದು ಸಹಜ. ದೇಹ ತಾನೇ ಬಹುಪಾಲು ತೇಲುವುದರಿಂದ ಈಜು ಬಲ್ಲವನ ಮೂಗು ನೀರಿನ ಮೇಲಿರಲು ಅದು ಸಾಕು. ಈಜು ಬಾರದವರಿಗೆ 100ರದ್ದೇ ಆಗಬೇಕು.

ಹಳೆಯ ಟ್ಯೂಬನ್ನೇ ಕೊಳ್ಳುವುದಾದರೆ ಅಂಗಡಿಯ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು, ವಾಲ್ವಿನ ಬುಡವನ್ನು ವಿಶೇಷವಾಗಿ. ಲಾರಿ ವಾಲ್ವಿನ ಉದ್ದನೆಯ ಹಿತ್ತಾಳೆ ಕೊಳವೆ ಬಟ್ಟೆಗೂ ಚರ್ಮಕ್ಕೂ ಸಿಕ್ಕುತ್ತದೆ. ಅದಕ್ಕೆ ಚಿಂದಿ ಸುತ್ತಿ ಕಟ್ಟುವುದು ಲೇಸು. ಗಾಳಿಯನ್ನು ಬಿರುಸಾಗಿ ತುಂಬಿಸಿ ಬಿಸಿಲಿಗಿಡಬಾರದು. 27 ಡಿಗ್ರಿಯ ಗಾಳಿ ಕಪ್ಪು ರಬ್ಬರಿನೊಳಗೆ 57ಕ್ಕೆ ಕಾದರೆ ಹತ್ತರಲ್ಲಿ ಒಂದು ಪಾಲು ಹಿಗ್ಗಲು ನೋಡುತ್ತದೆ. ಹಾಗೆ ಬಿಗಿದದ್ದು ತಣ್ಣೀರಿಗಿಳಿದೊಡನೆ ಮೆತ್ತಗಾಗುತ್ತದೆ. ತೂತು ಬಿತ್ತೆಂದು ಗಾಬರಿಯಾಗುವವರು ಉಂಟು.

ಖಾಸಬಾಗದಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ರೈಲಿನಲ್ಲಿ ಹೋದರೆ ನಡುವೆ ದೇಸೂರು, ಇದಲಹೊಂಡ. ಗಾಳಿ ಬಿಟ್ಟು ಮಡಚಿದರೆ ಟ್ಯೂಬು ಒಂದು ಚೀಲಕ್ಕೆ ಬರುತ್ತದೆ; ಇದೇ ಅದರ ದೊಡ್ಡ ಅನುಕೂಲ. ದೋಣಿಯನ್ನು ಯಾರು ಬಸ್ಸಿಗೆ ಹತ್ತಿಸಿಯಾರು? ಸೈಕಲ್ ಪಂಪು ಒಯ್ಯುತ್ತೇವೆ ಎನ್ನುವವರು ಇದನ್ನೂ ಲೆಕ್ಕ ಹಾಕಲಿ: ಒಂದು ಸಲ ಒತ್ತಿದರೆ ಕಾಲು ಲೀಟರಿಗಿಂತ ತುಸು ಹೆಚ್ಚು ಗಾಳಿ. 117 ಲೀಟರಿಗೆ ನಾನೂರಕ್ಕೂ ಹೆಚ್ಚು ಸಲ ಒತ್ತಬೇಕು.

ಮಲಪ್ರಭೆ ಹುಟ್ಟುವುದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಆ ಕಡೆಯ ಮಳೆ ಮಲೆನಾಡಿನ ಮಳೆ. ಸಣ್ಣ ಕೆರೆ ಎಂಬ ಮಾತನ್ನು ಬೇಸಿಗೆಗೆ ಇಟ್ಟುಕೊಳ್ಳಬೇಕು. ಕೋಡಿ ಹರಿಯುವ ದಿನಗಳಲ್ಲಿ ಟ್ಯೂಬಿನ ಮಾತೇ ಬೇಡ, ಹರಿಯುವ ನದಿಯಲ್ಲಿ ಯಾವ ದಿನವೂ ಬೇಡ. ಭೀಮಗಡ ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ. ಬೆಳಗಾವಿಗೆ ಕುಡಿಯುವ ನೀರು ಕೊಡುವ ರಾಕಸಕೊಪ್ಪದ ಜಲಾಶಯವೂ ಗಾಳಗಾರರ ಜಾಗವಲ್ಲ. ಆಚೆ ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ, ಕಾಲು ಇಳಿಬಿಟ್ಟು ಕೂರುವವರು ಅತ್ತ ಹೊರಳಿಯೂ ನೋಡಬಾರದು. ಊರ ಕೆರೆಯಲ್ಲೂ ಮೀನು ಬಿಟ್ಟು ಸಾಕಿದ ಗುತ್ತಿಗೆದಾರನೋ ಸಹಕಾರ ಸಂಘವೋ ಇರುತ್ತದೆ. ಅಲ್ಲಿನ ಕಟ್ಲಾ, ರೋಹು ಅವರ ದುಡ್ಡು. ಕೇಳಿ ಒಪ್ಪಿಗೆ ಪಡೆದೇ ಇಳಿಯಬೇಕು. ಕೆರೆಯ ತುಂಬ ಅಂತರಗಂಗೆ ಹಬ್ಬಿದ್ದರೆ ಅದರ ಬೇರು ಕಾಲಿಗೆ ತೊಡರುತ್ತದೆ. ಏರಿಯ ಮೇಲೆ ಜಾಲಿಯ ಮುಳ್ಳಿದ್ದರೆ ನೀರು ಮುಟ್ಟುವ ಮೊದಲೇ ಪಂಕ್ಚರು. ಗಾಳಿ ಬೀಸುತ್ತಿದ್ದರೆ ಮೊದಲು ಗಾಳಿಗೆದುರಾಗಿ ಹೋಗಬೇಕು. ದಣಿದು ಹಿಂತಿರುಗುವಾಗ ಅದೇ ಗಾಳಿ ದಡಕ್ಕೆ ನೂಕುತ್ತದೆ.

ಪಂಕ್ಚರ್ ಅಂಗಡಿಯ ಮುಂದಿನ ಅಪ್ಪ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಪೀಠ ತಾನೇ ಹೊಲಿಯಬೇಕು, ಮೊದಲ ದಿನ ತಾನೂ ಬರಬೇಕು. ನೂಲು ತುಂಡಾದಾಗಲೆಲ್ಲ ನೇಕಾರರು ಹಾಕುವ ಗಂಟೂ ಮೀನುಬಲೆಯ ಕಣ್ಣಿಗೆ ಹಾಕುವ ಗಂಟೂ ರಚನೆಯಲ್ಲಿ ಒಂದೇ. ಡಬ್ಬಿಗಳ ಹಗ್ಗಕ್ಕೆ ಅಪ್ಪ ಅದನ್ನೇ ಹಾಕಿದ. ಚಪ್ಪಟೆ ನವಾರದಲ್ಲಿ ಆ ಗಂಟು ಜಾರುತ್ತದೆಂದು ಪಟ್ಟಿಯನ್ನು ಮಾತ್ರ ದಪ್ಪ ದಾರದಿಂದ ಹೊಲಿದ. ಕಾಲಿಗೆ ಕಿಂಡಿ ಬಿಡಲಿಲ್ಲ. ಬೆನ್ನ ಕಡೆಯಿಂದ ಬಂದ ಅಗಲ ಪಟ್ಟಿಯೊಂದೇ ಪೀಠ, ಅದರ ಮುಂದಿನ ತುದಿಗೆ ಎಳೆದರೆ ಬಿಚ್ಚುವ ಗಂಟು.

ಒಪ್ಪಿಗೆ ಪಡೆದ ಕೆರೆಯೊಂದರ ಅಂಚಿನಲ್ಲಿ, ಮಂಡಿಯವರೆಗೆ ನೀರಿನಲ್ಲಿ ನಿಂತ ಅಪ್ಪ ಎಳೆ ಎಣಿಸುವವನಂತೆ ಗಟ್ಟಿಯಾಗಿ ಎಣಿಸುತ್ತಾನೆ. ನಾಲ್ಕು ಹೆಜ್ಜೆ ಆಚೆ ಸೊಂಟದುದ್ದ ನೀರಿನಲ್ಲಿ, ಜಾಕೆಟ್ಟು ತೊಟ್ಟ ಮಗ ಪೀಠದ ಗಂಟು ಎಳೆದು ಹೊರಬರುತ್ತಾನೆ. ಮೊದಲ ಸಲ ಇಪ್ಪತ್ತೊಂದು. ಆಮೇಲೆ ಹದಿನೈದು. ಕಣ್ಣು ಮುಚ್ಚಿಕೊಂಡು ಹನ್ನೆರಡು.

"ಸಾಕಲ್ರೀ ಅಪ್ಪಾ, ಇನ್ನ ಗಾಳ ತಗೀಲಿ?"

"ಹನ್ನೆರಡೂ ಭಾಳ ಆತು. ಇನ್ನೊಮ್ಮೆ ಕೂಡು."

ಚೀಲದಲ್ಲಿದ್ದ ಗಾಳ ಅಂದು ಹೊರಗೆ ಬರಲೇ ಇಲ್ಲ. ಸಂಜೆಯ ರೈಲಿನಲ್ಲಿ ಒದ್ದೆ ರಬ್ಬರಿನ ವಾಸನೆಗೆ ಎದುರು ಸೀಟಿನವರು ಮೂಗು ಮುಚ್ಚಿಕೊಂಡರು. ದೇಸೂರು ದಾಟುವ ಹೊತ್ತಿಗೆ ಹುಡುಗ ನಿದ್ದೆಹೋಗಿದ್ದ. ಅಪ್ಪ ಕೈಬೆರಳಿಗೆ ದಾರ ಸುತ್ತಿಕೊಂಡು ಅದೇ ಗಂಟನ್ನು ಹಾಕುವುದು, ಎಳೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದ.