ಸೋಲಾಂಗಿನ ಬಿಸಿಲು

ಗಂಗಾವತಿಯ ನಮಗೆ ಚಳಿ ಎಂದರೆ ಬೆಳಗಿನ ಜಾವ ಒಂದು ಶಾಲು ಹೊದ್ದುಕೊಳ್ಳುವಷ್ಟು ಮಾತ್ರ. ಅಂಥವರು ಕಳೆದ ಜನವರಿಯಲ್ಲಿ ಹಿಮ ನೋಡಲು ಮನಾಲಿಗೆ ಹೊರಟೆವು ಎಂದಾಗ ಓಣಿಯವರೆಲ್ಲ ನಕ್ಕರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ, "ಅವ್ವಾ, ಖರ್ಚೆಲ್ಲ ನಂದು, ನೀವು ಬರ್ರಿ ಅಷ್ಟ" ಎಂದು ಹಟ ಹಿಡಿದಿದ್ದ. ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೊರಟೇಬಿಟ್ಟೆವು. ದಿಲ್ಲಿಯವರೆಗೆ ವಿಮಾನ, ಅಲ್ಲಿಂದ ರಾತ್ರಿಯೆಲ್ಲ ಬಸ್ಸು.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಬಿಯಾಸ್ ನದಿಯ ದಂಡೆ, ದೇವದಾರು ಮರಗಳು, ಮನೆಗಳ ಮಾಡಿನ ಮೇಲೆಲ್ಲ ಹಿಮ. ಮೊದಲ ದಿನ ಹಿಮ ಮುಟ್ಟಿ ಮುಟ್ಟಿ ನನಗೆ ಸಾಕಾಗಲಿಲ್ಲ. ಅಲ್ಲಿಂದ ಹದಿಮೂರು ಕಿಲೋಮೀಟರ್ ದೂರದ ಸೋಲಾಂಗ್ ಕಣಿವೆಯಲ್ಲಿ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟ ನಡೆಯುತ್ತದೆ. ಮಗ ಹಿಂದಿನ ವರ್ಷ ಅದನ್ನು ಕಲಿತಿದ್ದ. ಈ ಸಲ ಜನರಿರುವ ಜಾಗ ಬಿಟ್ಟು, ಮೇಲಿನ ಗುಡ್ಡ ಹತ್ತಿ ಅಲ್ಲಿಂದ ಜಾರಬೇಕೆಂದು ಮಾರ್ಗದರ್ಶಕನಿಗೆ ಮುಂಗಡವನ್ನೂ ಕೊಟ್ಟಿದ್ದ.

ಎರಡನೆಯ ದಿನ ಬೆಳಿಗ್ಗೆ ಸೋಲಾಂಗಿಗೆ ಹೋದರೆ ಕಣ್ಣು ಕುಕ್ಕುವ ಬಿಸಿಲು. ಆದರೆ ಮಾರ್ಗದರ್ಶಕ ತಲೆ ಅಲ್ಲಾಡಿಸಿದ. ಹವಾಮಾನ ಇಲಾಖೆ ಕಿತ್ತಳೆ ಬಣ್ಣದ ಎಚ್ಚರಿಕೆ ಕೊಟ್ಟಿದೆ, ಮಧ್ಯಾಹ್ನದ ಮೇಲೆ ಹಿಮ ಬೀಳುತ್ತದೆ, ನಾನು ಮೇಲೆ ಬರುವುದಿಲ್ಲ ಎಂದ.

"ಅಪ್ಪಾ, ಮುಗಿಲು ನೋಡ್ರಿ, ಒಂದ್ ಮೋಡ ಇಲ್ಲ. ನಾ ಒಬ್ಬನ ಹೋಗಿ ಬರ್ತೀನಿ" ಎಂದ ಮಗ.

ನನ್ನ ಎದೆ ಧಸಕ್ಕೆಂದಿತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ನಮ್ಮ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕು ಒಂಬತ್ತು ಮಂದಿ ತೀರಿಕೊಂಡದ್ದು ನೆನಪಾಯಿತು. ಅದು ಬೇಸಿಗೆಯ ಮಾತು. ಇದಾದರೋ ನಡುಚಳಿಗಾಲ.

ಮಾರ್ಗದರ್ಶಕ ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದ. ಚಳಿಗಾಲದಲ್ಲಿ ಇಲ್ಲಿಗೆ ಹಿಮ ತರುವ ಗಾಳಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫಘಾನಿಸ್ತಾನ ದಾಟಿ ಬರುತ್ತದಂತೆ. ಅಷ್ಟು ದೂರದಿಂದ ಬರುವುದರಿಂದ ಹವಾಮಾನದವರಿಗೆ ಕೆಲವು ದಿನ ಮುಂಚೆಯೇ ಸುಳಿವು ಸಿಗುತ್ತದೆ. ಕೆಳಗೆ ನಿಂತ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಪೇಟೆಯ ಹವೆ ನಂಬಿ ಬೆಟ್ಟ ಹತ್ತಲೂಬಾರದು. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಗೂ ಹೆಚ್ಚು ತಣ್ಣಗಾಗುತ್ತದೆ. ಮನಾಲಿಯಲ್ಲಿ 5 ಡಿಗ್ರಿ ಇದ್ದರೆ, ಎರಡು ಸಾವಿರ ಮೀಟರ್ ಮೇಲೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ!

ಆಮೇಲೆ ಸಲಿಕೆಯಿಂದ ಹಿಮ ಕಡಿದು ಪದರ ತೋರಿಸಿದ. ಕೆಳಗೆ ಗಟ್ಟಿ ಹಿಮ, ಮೇಲೆ ಹೊಸದಾಗಿ ಬಿದ್ದ ಸಡಿಲ ಹಿಮ. ನನಗೆ ಥಟ್ಟನೆ ರೊಟ್ಟಿಯ ಪರಾತ ನೆನಪಾಯಿತು. ಅದರ ಮೇಲೆ ಹಿಟ್ಟು ಹರಡಿ ಸ್ವಲ್ಪ ಓರೆ ಹಿಡಿದರೆ ಹಿಟ್ಟೆಲ್ಲ ಒಟ್ಟಿಗೆ ಜರ್ರನೆ ಜಾರುತ್ತದಲ್ಲ, ಹಿಮಕುಸಿತವೂ ಹಾಗೆಯೇ! ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆ ಇರುವ ಗುಡ್ಡಗಳಲ್ಲಿ ಅಪಾಯ ಹೆಚ್ಚು, ಅದರಲ್ಲೂ ಭಾರೀ ಹಿಮ ಬೀಳುವಾಗ ಮತ್ತು ಬಿದ್ದ ಮೊದಲ ದಿನ. ಇದನ್ನು ಅಭ್ಯಾಸ ಮಾಡಲೆಂದೇ 1969ರಲ್ಲಿ ಮನಾಲಿಯಲ್ಲಿ ಒಂದು ಸರಕಾರಿ ಸಂಸ್ಥೆ ಶುರುವಾಯಿತಂತೆ. ಈಗ ಅದು ರಕ್ಷಣಾ ಇಲಾಖೆಯ ಬೇರೆ ಹೆಸರಿನ ಸಂಸ್ಥೆಯಲ್ಲಿ ಸೇರಿದೆ, ಹಿಮಕುಸಿತದ ಎಚ್ಚರಿಕೆಗಳು ಅಲ್ಲಿಂದ ಬರುತ್ತವೆ.

ಇಷ್ಟಾದರೂ ಮಗನ ಮುಖ ಗಂಟಿಕ್ಕಿಯೇ ಇತ್ತು. ಆಗ ನಮ್ಮವರು ಬಾಯಿ ಬಿಟ್ಟರು. "ಭತ್ತ ತೊಯ್ಸಿದ್ದು ನೆನಪೈತೇನೋ? ಅವತ್ತೂ ಹಿಂಗ ಬಿಸಿಲಿತ್ತು."

ಓದುಗ ಸೋದರಿಯರೆ, ಅದನ್ನು ಹೇಳಲೇಬೇಕು. ಮೂರು ವರ್ಷದ ಹಿಂದೆ ಸುಗ್ಗಿಯಲ್ಲಿ ಭತ್ತ ಕೊಯ್ದು ಒಣಹಾಕಿದ್ದೆವು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಮಳೆ ಬರುತ್ತದೆ ಎಂದು ಸುದ್ದಿಯಲ್ಲಿ ಹೇಳಿದರು. ಕುಷ್ಟಗಿಯ ಒಣಭೂಮಿಯಲ್ಲಿ ಮೋಡಕ್ಕಾಗಿ ಕಾದು ಬೆಳೆದ ನನಗೆ ಮನಸ್ಸು ತಡೆಯದೆ, ತಾಡಪತ್ರಿ ಹೊದಿಸೋಣ ಎಂದೆ. "ಇಷ್ಟು ಬಿಸಿಲೊಳಗ ಎಲ್ಲಿ ಮಳಿ?" ಎಂದು ನಮ್ಮವರೇ ನಕ್ಕಿದ್ದರು. ರಾತ್ರಿ ಸುರಿದ ಮಳೆಗೆ ರಾಶಿಯೆಲ್ಲ ತೊಯ್ದು ಮೊಳಕೆ ಬಂತು. ವರ್ಷದ ದುಡಿತ ಅರ್ಧ ಬೆಲೆಗೆ ಹೋಯಿತು. ನಾಲ್ಕು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಮಗ ತಲೆ ತಗ್ಗಿಸಿದ. ಕಾಲಿನ ಪಟ್ಟಿ ಬಿಚ್ಚಿಟ್ಟ. ಮುಂಗಡ ವಾಪಸ್ಸು ಬರಲಿಲ್ಲ, ನಾವೂ ಕೇಳಲಿಲ್ಲ.

ಎರಡು ಗಂಟೆಗೆ ಬೆಟ್ಟದ ತುದಿ ಮಾಯವಾಯಿತು. ಮೂರಕ್ಕೆ ಎದುರಿನ ಅಂಗಡಿಯೂ ಕಾಣದಷ್ಟು ಹಿಮ. ಹದಿಮೂರು ಕಿಲೋಮೀಟರ್ ದಾರಿಗೆ ನಾಲ್ಕು ತಾಸು ಹಿಡಿಯಿತು. ಗಾಡಿಯೊಳಗೆ ಮಗ ನನ್ನ ಕೈ ಹಿಡಿದುಕೊಂಡು ಕೂತಿದ್ದ. ರಾತ್ರಿ ಕೋಣೆಯಲ್ಲಿ ರೊಟ್ಟಿ ಮುರಿಯುತ್ತ, "ಅಪ್ಪಾ, ನಾಳಿಂದು ಏನ್ ಹೇಳ್ಯಾರ ನೋಡೂಣು" ಎಂದು ತಾನೇ ಫೋನು ತೆಗೆದ.

ನಿಮ್ಮ ಮಕ್ಕಳೂ ಬೆಟ್ಟ ಹತ್ತಲು ಹೋಗುತ್ತಿರಬಹುದು. ಬೇಡ ಎನ್ನಬೇಡಿ. ಆದರೆ ಹೊರಡುವ ಮುಂಚೆ ಇಷ್ಟು ಕೇಳಿ: ಮುನ್ಸೂಚನೆ ಊರಿನದೋ, ಬೆಟ್ಟದ್ದೋ? ಎಚ್ಚರಿಕೆಯ ಬಣ್ಣ ಯಾವುದು? ಹಸಿರು ಇದ್ದರೆ ಚಿಂತೆಯಿಲ್ಲ, ಹಳದಿಗೆ ಗಮನವಿರಲಿ, ಕಿತ್ತಳೆ, ಕೆಂಪು ಇದ್ದರೆ ಮೇಲೆ ಹೋಗುವುದು ಬೇಡ. ಜೊತೆಗೆ ಊರಿನ ಬಲ್ಲವರು ಇದ್ದಾರೆಯೇ? ಎಷ್ಟು ಗಂಟೆಗೆ ತಿರುಗಿ ಬರುವಿರಿ?

ಮನೆಗೆ ಬಂದ ಮೇಲೆ ನಮ್ಮವರು ಮೊದಲು ಮಾಡಿದ ಕೆಲಸ ಎರಡು ಹೊಸ ತಾಡಪತ್ರಿ ತಂದದ್ದು. ನಾನೀಗ ಸಂಡಿಗೆ ಇಡುವ ಮುನ್ನವೂ ಮುನ್ಸೂಚನೆ ಕೇಳುತ್ತೇನೆ. ಯಾರೂ ನಗುವುದಿಲ್ಲ.