ಅವ್ವನ ಕಿವಿ, ರೇಡಿಯೋ ಗಂಟಲು

ಮಧುವನಹಳ್ಳಿ ಮನಲಿ ಅಪ್ಪನ ಕಾಲದ ವಾಲ್ವ್ ರೇಡಿಯೋ ಅದ. ಹಾಕಿ ಕಾಲ್ಗಂಟೆ ಆಗದೇ ತಡ, ಗಂಟಲು ಕಟ್ದಂಗ ಗೊರಗೊರ ಅಂತಿತ್ತು. ‘ನನ್ ಕಿವೀನೇ ಹೋಯ್ತು ಕನವ್ವ’ ಅಂತ ಅವ್ವ ಬೆಂಗಳೂರು ಆಕಾಶವಾಣಿ ಕೇಳದನ್ನೇ ಬುಟ್ಟಿದ್ಲು.

ಕೊಳ್ಳೇಗಾಲದ ರಿಪೇರಿಯವ್ರು ಬಿಚ್ಚಿ ತೋರ್ಸುದ್ರು. ಸ್ಪೀಕರಿನ ವಾಲ್ವ್ ಇಎಲ್84. ಪ್ಲೇಟಿಗ 250 ವೋಲ್ಟ್ ಇದ್ರ, ಗ್ರಿಡ್ಡು ಕ್ಯಾಥೋಡಿಗಿಂತ ಸುಮಾರು 7 ವೋಲ್ಟ್ ಕೆಳಗಿರಬೇಕಂತ. ಹಳೇ ಕೆಪಾಸಿಟರ್ ಸೋರಿ ಗ್ರಿಡ್ಡು ಮೇಲಕ್ಕ ಎದ್ದಿತ್ತು. ವಾಲ್ವು ಮಿತಿಮೀರಿ ಕರೆಂಟು ಎಳೆದು, ಕಾದು, ದನಿ ಒಡೀತಿತ್ತು. ಉರಿ ಹೆಚ್ಚಾದ್ರ ಹಾಲು ಉಕ್ಕಲ್ವ ಅಕ್ಕಂದಿರಾ, ಹಂಗ. ತೀರಾ ಕಮ್ಮಿ ಕರೆಂಟು ಹರುದ್ರೂ ದನಿ ಒರಟಾಯ್ತದಂತ. ಬೆರಳುದ್ದದ ಆ ಕೆಪಾಸಿಟರ್ ಬದಲಾಯ್ಸಿ, ಮೀಟರಿಟ್ಟು ನೋಡಿ ಕೊಟ್ರು.

ಸಂಜಗ ಹಾಕ್ದೆ. ಅವರೆಕಾಯಿ ಬುಡಿಸ್ತಿದ್ದ ಅವ್ವನ ಕೈ ನಿಂತೋಯ್ತು.

‘ಯಾನ ಮಗ, ಹೊಸದ ತಂದ್ಯಾ?’

‘ಇಲ್ಲ ಕನವ್ವ, ಕೆಟ್ಟಿದ್ದು ನಿನ್ ಕಿವಿಯಲ್ಲ.’

ಕಾಲ್ಗಂಟೆ ದಾಟುದ್ರೂ ಎದ್ದು ಹೋಗ್ನಿಲ್ಲ.