ಒಂದೇ ನೋಟಿನಲ್ಲಿ ಗಂಡ ಹೆಂಡತಿ

ಪರದೇಶದ ನೋಟು ಕೂಡಿಡುವ ಚಟ ನನಗೆ. ಖರ್ಚಿಗೆ ಬರುವಂಥವಲ್ಲ, ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬಿನಲ್ಲಿ ಸುಮ್ಮನೆ ಮಲಗಿರುವಂಥವು. “ನಡೆಯೋ ನೋಟನ್ನೂ ಹೀಗೇ ಕೂಡಿಟ್ಟಿದ್ರೆ ಇಷ್ಟೊತ್ತಿಗೆ ಮೇಲೊಂದು ಮಹಡಿ ಏಳ್ತಿತ್ತು” ಎಂದು ನನ್ನವಳು ಆಗಾಗ ನೆನಪಿಸುತ್ತಾಳೆ. ಮೊನ್ನೆ ಆಲ್ಬಮ್ಮಿನ ಧೂಳು ಒರೆಸುತ್ತಿದ್ದಾಗ ಮಾತ್ರ ಒಂದು ಪುಟದ ಮುಂದೆ ಅವಳೂ ನಿಂತಳು. ಮೆಕ್ಸಿಕೋದ 500 ಪೆಸೊ ನೋಟು, 2010ರಲ್ಲಿ ಬಂದದ್ದು. ಕಂದು ಬಣ್ಣ. ಮುಂಬದಿಯಲ್ಲಿ ದುಂಡು ಮುಖದ, ಉಬ್ಬುಗಣ್ಣಿನ ಗಂಡಸು. ತಿರುಗಿಸಿದರೆ ಹುಬ್ಬು ಕೂಡಿದ ಹೆಂಗಸು.

“ಯಾರ್ರೀ ಇವರು?”

“ಗಂಡ ಹೆಂಡತಿ ಕಣೇ. ಇಬ್ಬರೂ ಚಿತ್ರ ಬರೆಯೋರು. ಅವನು ಡಿಯೇಗೊ ರಿವೇರಾ, ಅವಳು ಫ್ರಿಡಾ ಕಾಲೊ.”

“ಗಂಡ ಮುಂದೆ, ಹೆಂಡತಿ ಹಿಂದೆ. ಅಲ್ಲೂ ಹೀಗೇನಾ!” ಅಂದವಳೇ ಒಲೆಯ ಮೇಲಿನ ಹಾಲು ನೋಡಲು ಹೋದಳು.

ಅವಳು ಹೋದ ಮೇಲೆ ನಾನು ಭೂತಗನ್ನಡಿ ಹಿಡಿದು ಕೂತೆ. ಎರಡೂ ಅವರವರೇ ಬರೆದುಕೊಂಡ ಮುಖಗಳು: ಅವನದು 1941ರದು, ಅವಳದು 1940ರದು. ಅವಳ ಮುಖದ ಜೊತೆಗೆ ಅವಳದೇ 1949ರ ಇನ್ನೊಂದು ಚಿತ್ರವನ್ನೂ ಅಚ್ಚು ಹಾಕಿದ್ದಾರೆ. ಅದರಲ್ಲಿ ಬ್ರಹ್ಮಾಂಡವು ಭೂಮಿಯನ್ನು ಅಪ್ಪಿಕೊಂಡಿದೆ, ಭೂಮಿ ಫ್ರಿಡಾಳನ್ನು ಅಪ್ಪಿಕೊಂಡಿದೆ, ಫ್ರಿಡಾಳ ಮಡಿಲಲ್ಲಿ ಬತ್ತಲೆ ಕೂಸೊಂದು ಮಲಗಿದೆ. ಕೂಸಿನ ಮುಖ ಡಿಯೇಗೊನದು, ಹಣೆಗೊಂದು ಮೂರನೆಯ ಕಣ್ಣು ಬೇರೆ. ಅಂದರೆ ಈ ಮಹಾಶಯ ಮುಂಬದಿಯನ್ನು ಪೂರ್ತಿ ಆಕ್ರಮಿಸಿದ್ದು ಸಾಲದೆ ಹಿಂಬದಿಗೂ ಹೋಗಿ ಹೆಂಡತಿಯ ತೊಡೆಯೇರಿದ್ದಾನೆ. ನೋಟು ಅಚ್ಚು ಹಾಕಿದವರಿಗೆ ಈ ಸಂಸಾರದ ಮರ್ಮ ಚೆನ್ನಾಗಿಯೇ ತಿಳಿದಿತ್ತು.

ಡಿಯೇಗೊ ಹುಟ್ಟಿದ್ದು 1886ರಲ್ಲಿ, ಗ್ವಾನಹ್ವಾತೊ ಎಂಬ ಗಣಿಗಳ ಊರಲ್ಲಿ. 1907ರಲ್ಲಿ ಚಿತ್ರಕಲೆ ಕಲಿಯಲು ಯುರೋಪಿಗೆ ಹಡಗು ಹತ್ತಿದ. ಅದೇ ವರ್ಷ ಜುಲೈ 6ರಂದು ಮೆಕ್ಸಿಕೋ ನಗರದ ಅಂಚಿನ ಕೊಯೊವಕಾನ್‌ನಲ್ಲಿ ಫ್ರಿಡಾ ಹುಟ್ಟಿದಳು. ಅವಳನ್ನು ಕೇಳಿದ್ದರೆ 1910 ಎನ್ನುತ್ತಿದ್ದಳು. ಮೆಕ್ಸಿಕೋದ ಕ್ರಾಂತಿ ಶುರುವಾದ ವರ್ಷವೇ ತಾನೂ ಹುಟ್ಟಿದ್ದು ಎಂದು ಹೇಳಿಕೊಳ್ಳುವ ಆಸೆ. ಜೊತೆಗೆ ಮೂರು ವರ್ಷ ಸಣ್ಣವಳಾಗುವ ಲಾಭ. ಗಂಡನಾದರೋ ಇಂಥ ಸಣ್ಣ ಸುಳ್ಳಿಗೆ ಕೈ ಹಾಕುವವನಲ್ಲ. ವಿದ್ಯಾರ್ಥಿಯಾಗಿದ್ದಾಗ ಗೆಳೆಯರ ಜೊತೆ ಸೇರಿ ನರಮಾಂಸ ತಿಂದಿದ್ದೆನೆಂದೂ ಅದರಿಂದ ಮೈ ಪುಷ್ಟಿಯಾಯಿತೆಂದೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಜಾತಕ ಕೂಡಿಸುವವರಿಗೆ ಈ ಒಂದು ಗುಣ ಸಾಕಿತ್ತು.

ಡಿಯೇಗೊ ಊರಿಗೆ ಮರಳಿದ್ದು 1921ರಲ್ಲಿ. ಓದು ಬರಹ ಬಾರದ ಜನಕ್ಕೆ ಅವರ ಚರಿತ್ರೆಯನ್ನು ಗೋಡೆಯ ಮೇಲೆ ತೋರಿಸೋಣ ಎಂದು ಆಗಿನ ಶಿಕ್ಷಣ ಮಂತ್ರಿ ಹೋಸೆ ವಾಸ್ಕೊನ್ಸೆಲೋಸ್ ಚಿತ್ರಕಾರರಿಗೆ ಸರ್ಕಾರಿ ಕಟ್ಟಡಗಳನ್ನು ಬಿಟ್ಟುಕೊಟ್ಟ ಕಾಲ ಅದು. ಶಿಕ್ಷಣ ಇಲಾಖೆಯ ಕಟ್ಟಡದ ಎರಡು ಅಂಗಳ, ಮೂರು ಅಂತಸ್ತು ಡಿಯೇಗೊನ ಪಾಲಿಗೆ ಬಂದವು. 1923ರಿಂದ 1928ರವರೆಗೆ ಅಲ್ಲಿ ನೂರಕ್ಕೂ ಹೆಚ್ಚು ಚಿತ್ರ ಬರೆದ.

ಬರೆದ ಎಂದು ಒಂದು ಮಾತಿನಲ್ಲಿ ಮುಗಿಸುವ ಹಾಗಿಲ್ಲ, ಆ ಕೆಲಸ ಹೇಗೆ ನಡೆಯುತ್ತಿತ್ತೆಂಬುದೇ ನನಗೆ ರುಚಿ. ಫ್ರೆಸ್ಕೊ ಎಂದರೆ ಸುಣ್ಣದ ಹಸಿ ಗಾರೆಯ ಮೇಲಿನ ಚಿತ್ರ. ಬಣ್ಣಕ್ಕೆ ಎಣ್ಣೆಯಿಲ್ಲ, ಅಂಟಿಲ್ಲ. ನೀರಿನಲ್ಲಿ ಅರೆದ ಪುಡಿ, ಅಷ್ಟೇ. ಗಾರೆ ಹಸಿಯಿರುವಾಗ ಹಚ್ಚಿದರೆ ಸುಣ್ಣ ಗಾಳಿ ಕುಡಿದು ಕಲ್ಲಾಗುತ್ತ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಹಚ್ಚಿದರೆ ಉದುರಿಹೋಗುತ್ತದೆ. ನಮ್ಮ ಈರುಳ್ಳಿ ದೋಸೆಯ ನಿಯಮವೇ: ಹಿಟ್ಟು ಹಸಿಯಿರುವಾಗ ಉದುರಿಸಿದ ಈರುಳ್ಳಿ ಮಾತ್ರ ಕಚ್ಚಿಕೊಳ್ಳುತ್ತದೆ. ಹಾಗಾಗಿ ಆ ದಿನ ಎಷ್ಟು ಬರೆಯಬಹುದೋ ಅಷ್ಟು ಜಾಗಕ್ಕೆ ಮಾತ್ರ ಸಹಾಯಕರು ಬೆಳಗಾಗುವುದರೊಳಗೆ ಗಾರೆ ಮೆತ್ತಿ ಇಡಬೇಕು. ಡಿಯೇಗೊ ಸಾರುವೆ ಹತ್ತಿದನೆಂದರೆ ಗಾರೆ ಒಣಗುವವರೆಗೆ ಇಳಿಯುವ ಹಾಗಿಲ್ಲ. ತಪ್ಪಿತೋ, ಅಳಿಸುವ ಮಾತೇ ಇಲ್ಲ. ಉಳಿ ತಗೊಂಡು ಅಷ್ಟು ಗೋಡೆಯನ್ನೇ ಕೆತ್ತಿ ಹಾಕಿ ಮಾರನೆಯ ದಿನ ಹೊಸ ಗಾರೆ. ಆರಡಿ ದಾಟಿದ ಆ ಭಾರೀ ದೇಹ ಹಲಗೆಯ ಮೇಲೆ ಕೂತು ಹಗಲು ಹಗಲೆಲ್ಲ ಹೀಗೆ ದುಡಿಯಿತು. ಗಂಡನಾಗಿ ಅವನಿಗೆ ನಾನು ಮೂವತ್ತೈದು ಅಂಕವನ್ನೂ ಕೊಡಲಾರೆ, ಆದರೆ ಕೂಲಿ ಲೆಕ್ಕಕ್ಕೆ ಒಂದು ಗಂಟೆಯನ್ನೂ ಕಡಿಯುವಂತಿಲ್ಲ.

ಗೋಡೆಯ ಮಾತು ಬಂದಾಗ ನಮ್ಮವನೊಬ್ಬನನ್ನು ನೆನೆಯದೆ ಮುಂದೆ ಹೋಗಲಾರೆ. ಅದೇ ಕಟ್ಟಡದಲ್ಲಿ ‘ನಮ್ಮ ರೊಟ್ಟಿ’ ಎಂಬ ಅರ್ಥದ ಹೆಸರಿರುವ ಚಿತ್ರವೊಂದಿದೆ. ಊಟದ ಮೇಜಿನ ಸುತ್ತ ಜನ, ನಡುವೆ ರೊಟ್ಟಿ ಮುರಿಯುವ ಒಬ್ಬ. ಆ ಮುಖ ಪಾಂಡುರಂಗ ಖಾನ್‌ಖೋಜೆಯದು. ವರ್ಧಾದ ಮರಾಠಿಗ, ಗದರ್ ಪಕ್ಷದ ಕ್ರಾಂತಿಕಾರಿ. ಬ್ರಿಟಿಷರ ಕಣ್ಣು ತಪ್ಪಿಸಿ ದೇಶ ದೇಶ ಸುತ್ತಿ ಕೊನೆಗೆ ಮೆಕ್ಸಿಕೋ ಸೇರಿ ಚಾಪಿಂಗೊದ ಕೃಷಿ ಶಾಲೆಯಲ್ಲಿ ಮೇಷ್ಟ್ರಾದವನು. ಮುಸುಕಿನ ಜೋಳದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದ. ಅದೇ ಶಾಲೆಯ ಪ್ರಾರ್ಥನಾ ಮಂದಿರದ ಗೋಡೆಗಳನ್ನೂ ಬರೆದವನು ಡಿಯೇಗೊ, ಹೀಗೆ ಸ್ನೇಹ. ಊರು ಬಿಟ್ಟ ಹಿಂದೂಸ್ತಾನದವನು ಮೆಕ್ಸಿಕೋದ ಸರ್ಕಾರಿ ಗೋಡೆಯ ಮೇಲೆ ರೊಟ್ಟಿ ಹಂಚುತ್ತ ಕೂತಿದ್ದಾನೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವನಿಗೆ ಅಷ್ಟು ಜಾಗ ಸಿಕ್ಕಿದ್ದನ್ನು ನಾನು ಕಾಣೆ.

ಇರಲಿ. ಅದೇ ಸಾರುವೆಯ ಕೆಳಗೆ ಒಂದು ದಿನ ಕುಂಟುತ್ತ ಹುಡುಗಿಯೊಬ್ಬಳು ಬಂದು, “ಕೆಳಗಿಳಿ, ನಿನ್ನ ಹತ್ತಿರ ಕೆಲಸವಿದೆ” ಎಂದು ಕೂಗಿದಳಂತೆ. ಕೈಯಲ್ಲಿ ತಾನೇ ಬರೆದ ಚಿತ್ರಗಳು. ಇದರಿಂದ ಹೊಟ್ಟೆ ಹೊರೆಯಲು ಆದೀತೇ, ನಿಜ ಹೇಳು, ಹೊಗಳಿಕೆ ಬೇಡ ಎಂದು ಕೇಳಿದಳು. ಈ ಭೇಟಿಯನ್ನು ಇಬ್ಬರೂ ಒಂದೊಂದು ಸಲ ಒಂದೊಂದು ಥರ ಹೇಳಿದ್ದಾರೆ. ಸುಳ್ಳಿನ ವಿಷಯ ಮೇಲೆಯೇ ಅರಿಕೆ ಮಾಡಿದ್ದೇನೆ.

ಫ್ರಿಡಾಳ ಕುಂಟಿಗೆ ಮೊದಲ ಕಾರಣ ಆರನೆಯ ವಯಸ್ಸಿನ ಪೋಲಿಯೊ. ಎರಡನೆಯದು 1925ರ ಸೆಪ್ಟೆಂಬರ್ 17ರ ಮಧ್ಯಾಹ್ನ. ಶಾಲೆಯಿಂದ ಮನೆಗೆ ಹೊರಟ ಬಸ್ಸಿಗೆ ಟ್ರಾಮ್ ಗುದ್ದಿ ಕಬ್ಬಿಣದ ಹಿಡಿಕಂಬಿಯೊಂದು ಅವಳ ಸೊಂಟವನ್ನು ತೂರಿತು. ಬೆನ್ನೆಲುಬು, ಪಕ್ಕೆ, ಕಾಲು, ಯಾವುದೂ ನೆಟ್ಟಗೆ ಉಳಿಯಲಿಲ್ಲ. ಯಾರದೋ ಕೈಯಲ್ಲಿದ್ದ ಬಂಗಾರದ ಪುಡಿಯ ಪೊಟ್ಟಣ ಒಡೆದು ರಕ್ತದ ಮೈಮೇಲೆಲ್ಲ ಚೆಲ್ಲಿತ್ತೆಂದು ಜೊತೆಗಿದ್ದ ಗೆಳೆಯ ಮುಂದೆ ಹೇಳಿದ. ಡಾಕ್ಟರಾಗಬೇಕೆಂದಿದ್ದ ಹದಿನೆಂಟರ ಹುಡುಗಿ ಹಾಸಿಗೆ ಹಿಡಿದಳು. ಅವಳ ತಾಯಿ ಮಲಗಿದಲ್ಲಿಂದಲೇ ಬರೆಯಲು ಬರುವಂಥ ಚೌಕಟ್ಟು ಮಾಡಿಸಿ, ಮಂಚದ ಮೇಲ್ಗಟ್ಟಿಗೆ ಕನ್ನಡಿ ಕಟ್ಟಿಸಿದಳು. ಕಣ್ಣು ಬಿಟ್ಟರೆ ಕಾಣುವುದು ತನ್ನ ಮುಖವೊಂದೇ, ಅದನ್ನೇ ಬರೆದಳು. ಅಪ್ಪ ಫೋಟೋಗ್ರಾಫರ್. ಸಣ್ಣ ಕುಂಚದಿಂದ ಫೋಟೋಗಳನ್ನು ತಿದ್ದುವ ಕೆಲಸ ಮಗಳಿಗೆ ಮೊದಲೇ ಕಲಿಸಿದ್ದ.

1929ರ ಆಗಸ್ಟ್ 21ಕ್ಕೆ ಮದುವೆ. ಅವನಿಗೆ 42, ಅವಳಿಗೆ 22. ಆನೆಗೂ ಪಾರಿವಾಳಕ್ಕೂ ಮದುವೆಯಾದಂತಾಯಿತು ಎಂದರು ಮನೆಯವರು. ಫ್ರಿಡಾ ಅವನಿಗೆ ಮೂರನೆಯ ಹೆಂಡತಿ. ಎರಡನೆಯವಳಾದ ಲೂಪೆ ಮರೀನ್ ಮೊದಲು ಕೂಗಾಡಿದರೂ ಆಮೇಲೆ ಡಿಯೇಗೊನಿಗೆ ಯಾವ ಅಡುಗೆ ಇಷ್ಟ, ಹೇಗೆ ಮಾಡಬೇಕು ಎಂದು ಹೊಸಬಳಿಗೆ ತಾನೇ ಹೇಳಿಕೊಟ್ಟಳಂತೆ. ಸವತಿಯಿಂದ ಕಲಿತ ಅಡುಗೆಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಕಸೂತಿ ಬಟ್ಟೆ ಮುಚ್ಚಿ, ಹೂವಿಟ್ಟು ಫ್ರಿಡಾ ಸಾರುವೆಯ ಹತ್ತಿರ ಬುತ್ತಿ ಒಯ್ಯುತ್ತಿದ್ದಳು. ಇದನ್ನು ನನ್ನವಳಿಗೆ ಹೇಳಿದಾಗ “ಅಂದ್ರೆ?” ಎಂದು ಒಂದೇ ಪ್ರಶ್ನೆ ಕೇಳಿದಳು. ನಾನು ಪುಟ ತಿರುವಿದೆ.

ತಿರುವಿದ ಪುಟ ಅಮೆರಿಕದ ಡೆಟ್ರಾಯಿಟ್. 1932. ಕಾರು ಕಂಪನಿಯ ಎಡ್ಸೆಲ್ ಫೋರ್ಡ್ ಕೊಟ್ಟ ಹಣದಲ್ಲಿ ಅಲ್ಲಿನ ಕಲಾ ಸಂಸ್ಥೆಯ ಅಂಗಳದ ನಾಲ್ಕೂ ಗೋಡೆಗೆ ಡಿಯೇಗೊ 27 ಭಾಗಗಳ ಚಿತ್ರ ಬರೆಯಲು ನಿಂತ. ಫೋರ್ಡ್ ಕಾರ್ಖಾನೆಗೆ ಹೋಗಿ ವಾರಗಟ್ಟಲೆ ಯಂತ್ರಗಳನ್ನು ನೋಡಿ ಗುರುತು ಹಾಕಿಕೊಂಡು ಬಂದ. ಅದೇ ಜುಲೈನಲ್ಲಿ, ಅದೇ ಊರಿನ ಆಸ್ಪತ್ರೆಯಲ್ಲಿ ಫ್ರಿಡಾಳಿಗೆ ಗರ್ಭಪಾತವಾಯಿತು. ಎದ್ದು ಕೂರುವಷ್ಟಾದ ಮೇಲೆ ಅವಳು ತಗೊಂಡದ್ದು ಒಂದು ತಗಡು. ಹರಕೆ ತೀರಿದ ಮೇಲೆ ತಗಡಿನ ಮೇಲೆ ಸಣ್ಣ ಚಿತ್ರ ಬರೆಸಿ ದೇವರಿಗೆ ಒಪ್ಪಿಸುವುದು ಮೆಕ್ಸಿಕೋದ ಬಡವರ ಪದ್ಧತಿ. ಆ ವರಸೆಯನ್ನೇ ಹಿಡಿದು ಒಂದಡಿ ಎತ್ತರ, ಒಂದೂಕಾಲು ಅಡಿ ಅಗಲದ ತಗಡಿನಲ್ಲಿ ಅವಳು ಹರಕೆ ತೀರದ ಚಿತ್ರ ಬರೆದಳು. ಬಯಲಿನಲ್ಲಿ ಮಂಚ, ಹಾಸಿಗೆಯಲ್ಲಿ ರಕ್ತ, ಬತ್ತಲೆ ಹೆಣ್ಣು, ಕೆನ್ನೆ ಮೇಲೆ ಒಂದು ದೊಡ್ಡ ಹನಿ. ಅವಳ ಕೈಯಿಂದ ಹೊರಟ ಕೆಂಪು ದಾರಗಳ ತುದಿಗೆ ಒಂದು ಭ್ರೂಣ, ಒಂದು ಬಸವನ ಹುಳು, ಸೊಂಟದ ಮೂಳೆ, ಒಂದು ಹೂವು, ಒಂದು ಯಂತ್ರ. ಹಿಂದೆ, ದೂರದ ಅಂಚಿನಲ್ಲಿ ಬೆರಳಗಲಕ್ಕೆ ಫೋರ್ಡ್ ಕಾರ್ಖಾನೆ.

ಈಗ ಡಿಯೇಗೊನ ಗೋಡೆ ನೋಡಿ. ಯಂತ್ರಗಳ ಅಬ್ಬರವೆಲ್ಲ ಉತ್ತರ ದಕ್ಷಿಣದ ಗೋಡೆಗಳಲ್ಲಿ. ಪೂರ್ವದ ಗೋಡೆಯಲ್ಲಿ ನೆಲದಡಿಯ ಗೆಡ್ಡೆಯೊಂದರೊಳಗೆ ಮುದುಡಿ ಮಲಗಿದ ಶಿಶು. ಅವಳ ತಗಡಿನಲ್ಲಿ ಅವನ ಕಾರ್ಖಾನೆ, ಅವನ ಗೋಡೆಯಲ್ಲಿ ಅವಳ ಕೂಸು. ಈ ಇಬ್ಬರ ಬಗ್ಗೆ ಇಷ್ಟು ಓದಿದ ಮೇಲೂ ನನಗೆ ಅವರ ಸಂಸಾರ ಅರ್ಥವಾಗುವುದು ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ. ಆ ಊರಿನ ಪತ್ರಿಕೆಯೊಂದು ಫ್ರಿಡಾಳ ಬಗ್ಗೆ ಬರೆಯುತ್ತ, ಮಹಾ ಚಿತ್ರಕಾರನ ಹೆಂಡತಿಯೂ ಖುಷಿಗೆ ಬಣ್ಣ ಆಡುತ್ತಾಳೆ ಎಂಬ ಧಾಟಿಯಲ್ಲಿ ತಲೆಬರಹ ಹಾಕಿತ್ತು.

ನ್ಯೂಯಾರ್ಕಿನಲ್ಲಿ 1933ರಲ್ಲಿ ರಾಕ್‌ಫೆಲ್ಲರ್ ಕಟ್ಟಡದ ಗೋಡೆಗೆ ಲೆನಿನ್ನನ ಮುಖ ಬರೆದು ಡಿಯೇಗೊ ಕೆಲಸ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ದುಡ್ಡು ಕೊಟ್ಟರು, ಗೋಡೆಯನ್ನು ಮರುವರ್ಷ ಒಡೆದು ಹಾಕಿದರು. ಅವನು ಅದನ್ನೇ ಮೆಕ್ಸಿಕೋದಲ್ಲಿ ಇನ್ನೊಮ್ಮೆ ಬರೆದ.

ಊರಿಗೆ ಬಂದವರು ಸಾನ್ ಆಂಖೆಲ್‌ನಲ್ಲಿ ಎರಡು ಮನೆಗಳಲ್ಲಿ ಇದ್ದರು. ಅವನಿಗೆ ದೊಡ್ಡದು, ಅವಳಿಗೆ ನೀಲಿ ಬಣ್ಣದ ಸಣ್ಣದು, ಮಾಳಿಗೆಯಿಂದ ಮಾಳಿಗೆಗೆ ಒಂದು ಸೇತುವೆ. ಅನುಕೂಲಕ್ಕೆಂದೇ ಕಟ್ಟಿಸಿದ್ದು, ಆದರೆ ಸೇತುವೆ ದಾಟದ ದಿನಗಳೇ ಹೆಚ್ಚಾದವು. ಡಿಯೇಗೊನ ಪ್ರೇಮಪ್ರಕರಣಗಳನ್ನು ಎಣಿಸಲು ಇಲ್ಲಿ ಜಾಗವಿಲ್ಲ. ಒಂದು ಮಾತ್ರ ಫ್ರಿಡಾಳ ತಂಗಿ ಕ್ರಿಸ್ಟೀನಾಳ ಜೊತೆಗೆ. 1935ರಲ್ಲಿ ಫ್ರಿಡಾ ಇನ್ನೊಂದು ತಗಡು ತಗೊಂಡಳು. ಪ್ರೇಯಸಿಯನ್ನು ಇರಿದು ಕೊಂದವನೊಬ್ಬ, ಸುಮ್ಮನೆ ಒಂದೆರಡು ಸಲ ಚುಚ್ಚಿದೆ ಅಷ್ಟೇ ಎಂದು ಹೇಳಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನೇ ಬರೆದಳು. ಕೆಂಪು ಬಣ್ಣ ತಗಡಿನ ಅಂಚಿಗೆ ನಿಲ್ಲಲಿಲ್ಲ. ಮರದ ಚೌಕಟ್ಟಿನ ಮೇಲೂ ಬೆರಳಿನಿಂದ ಒರೆಸಿದಂತೆ ರಕ್ತದ ಕಲೆಗಳನ್ನು ಹಾಕಿದಳು. ಇವಳೇನು ಸುಮ್ಮನೆ ಕೂತವಳಲ್ಲ. 1937ರಲ್ಲಿ ಸ್ಟಾಲಿನ್ನನಿಂದ ತಪ್ಪಿಸಿಕೊಂಡು ಬಂದ ಟ್ರಾಟ್‌ಸ್ಕಿಗೆ ದಂಪತಿಗಳು ಕೊಯೊವಕಾನಿನಲ್ಲಿದ್ದ ಫ್ರಿಡಾಳ ತವರುಮನೆಯನ್ನು, ‘ನೀಲಿ ಮನೆ’ಯನ್ನು, ಬಿಟ್ಟುಕೊಟ್ಟರು; ಫ್ರಿಡಾ ತನ್ನ ಮನಸ್ಸನ್ನೂ ಸ್ವಲ್ಪ ದಿನ ಕೊಟ್ಟಿದ್ದಳು.

1939ರ ನವೆಂಬರಿನಲ್ಲಿ ವಿಚ್ಛೇದನ. 1940ರ ಡಿಸೆಂಬರ್ 8ರಂದು, ಅವನ ಹುಟ್ಟುಹಬ್ಬದ ದಿನವೇ, ಸಾನ್ ಫ್ರಾನ್ಸಿಸ್ಕೋದಲ್ಲಿ ಮತ್ತೆ ಮದುವೆ. ಈ ಸಲ ಅವಳದು ಷರತ್ತು: ತನ್ನ ಚಿತ್ರಗಳ ಸಂಪಾದನೆಯಲ್ಲಿ ಮನೆಖರ್ಚಿನ ಅರ್ಧ ತಾನೇ ಹಾಕುವುದು, ಹಾಸಿಗೆಯ ಸಂಬಂಧ ಬೇಡ. ಅವನು ಒಪ್ಪಿದ.

1953ರಲ್ಲಿ ತಾಯ್ನಾಡಿನಲ್ಲಿ ಅವಳದೇ ಆದ ಮೊದಲ ಪ್ರದರ್ಶನ. ಏಳಕೂಡದೆಂದು ಡಾಕ್ಟರ ಅಪ್ಪಣೆ. ಮಂಚವನ್ನೇ ಮುಂಚಿತವಾಗಿ ಗ್ಯಾಲರಿಗೆ ಕಳಿಸಿ, ತಾನು ಆಂಬುಲೆನ್ಸಿನಲ್ಲಿ ಹೋಗಿ ಮಲಗಿದಳು. ಆ ವರ್ಷವೇ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. 1954ರ ಜುಲೈ 13ರಂದು ತೀರಿಕೊಂಡಳು, 47ಕ್ಕೆ. ಡಿಯೇಗೊ ಇನ್ನೊಂದು ಮದುವೆಯಾಗಿ 1957ರಲ್ಲಿ ಹೋದ. ತನ್ನ ಬೂದಿಯನ್ನು ಫ್ರಿಡಾಳ ಬೂದಿಯ ಜೊತೆ ಬೆರೆಸಬೇಕೆಂದು ಕೇಳಿಕೊಂಡಿದ್ದ. ಆದರೆ ಅವನನ್ನು ಗಣ್ಯರ ಸ್ಮಶಾನದಲ್ಲಿ ಇಟ್ಟರು. ನೀಲಿ ಮನೆಯ ಬಚ್ಚಲುಮನೆಗೆ ಅವನು ಹಾಕಿಸಿದ ಬೀಗ 2004ರವರೆಗೆ ತೆಗೆಯಲಿಲ್ಲ. ತೆಗೆದಾಗ ಒಳಗೆ ಅವಳ ಲಂಗಗಳು, ಪ್ಲಾಸ್ಟರಿನ ಕವಚಗಳು, ಕೆಂಪು ಬೂಟು ತೊಡಿಸಿದ ಕೃತಕ ಕಾಲು.

ಈಗ ಲೆಕ್ಕ ತಿರುಗಾಮುರುಗಾ. ಕೈಚೀಲ, ಲೋಟ, ಗೊಂಬೆ, ಎಲ್ಲದರ ಮೇಲೂ ಅವಳ ಹುಬ್ಬು. ಅವನ ಬಗ್ಗೆ ಕೇಳಿದರೆ ಫ್ರಿಡಾಳ ಗಂಡನಲ್ಲವೇ ಎನ್ನುತ್ತಾರೆ. 2018ರಲ್ಲಿ ರಾಕ್‌ಫೆಲ್ಲರ್ ಮನೆತನದ ಸಂಗ್ರಹದಲ್ಲಿದ್ದ ಡಿಯೇಗೊನ ಚಿತ್ರವೊಂದು ಹರಾಜಿನಲ್ಲಿ 97 ಲಕ್ಷ ಡಾಲರಿಗೆ ಹೋಗಿ ಲ್ಯಾಟಿನ್ ಅಮೆರಿಕದ ಕಲೆಗೆ ಹರಾಜಿನ ದಾಖಲೆಯಾಯಿತು (ಅವನ ಗೋಡೆ ಒಡೆಸಿದ ಅದೇ ಮನೆತನ). 2021ರಲ್ಲಿ ಫ್ರಿಡಾಳ ‘ಡಿಯೇಗೊ ಮತ್ತು ನಾನು’ ಅದನ್ನು ಮುರಿದು ಸುಮಾರು ಮೂರೂವರೆ ಕೋಟಿ ಡಾಲರ್ ಮುಟ್ಟಿತು. 2025ರಲ್ಲಿ ಅವಳ ಇನ್ನೊಂದು ಚಿತ್ರ ಐದೂವರೆ ಕೋಟಿಯ ಹತ್ತಿರ ಹೋಯಿತು. ಅವಳಿಗೆ ಸಲ್ಲಬೇಕಾದದ್ದೇ ಸಂದಿದೆ, ಸಂತೋಷ. ಆದರೆ ಈ ತಕ್ಕಡಿಯಲ್ಲಿ ಅವನನ್ನು ತೂಗುವುದು ಅನ್ಯಾಯ. ತಗಡನ್ನು ಕಂಕುಳಲ್ಲಿ ಇಟ್ಟುಕೊಂಡು ಹರಾಜಿಗೆ ಹೋಗಬಹುದು, ಗೋಡೆಯನ್ನು ಹಾಗೆ ಒಯ್ಯಲಾಗದು. ಅವನನ್ನು ನೋಡಬೇಕಾದರೆ ನಾವೇ ಆ ಅಂಗಳಕ್ಕೆ ಹೋಗಿ ಕತ್ತೆತ್ತಿ ನಿಲ್ಲಬೇಕು.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನವಳು ಕಾಫಿ ತಂದು, “ಆ ನೋಟು ಈಗಲೂ ನಡೆಯುತ್ತಾ?” ಎಂದಳು. 2018ರಲ್ಲಿ ಹೊಸ 500ರ ನೋಟು ಬಂತು. ಮುಂದೆ ಹಳೆಯ ಅಧ್ಯಕ್ಷ ಬೆನಿಟೊ ಹ್ವಾರೆಸ್, ಹಿಂದೆ ಫ್ರಿಡಾ ಇದ್ದ ಜಾಗದಲ್ಲಿ ತಿಮಿಂಗಿಲ. ಗಂಡ ಹೆಂಡತಿಯ ನೋಟನ್ನು ಬ್ಯಾಂಕಿಗೆ ಬಂದ ಹಾಗೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾರೆ. ಕೈಯಲ್ಲಿ ಇದ್ದವರಿಗೆ ಬೆಲೆ ಮಾತ್ರ ಅಷ್ಟೇ ಇದೆ, ಪೂರ್ತಿ 500.